ಬೆಳಗಿನ ಹಣ್ಣು, ಹೊಟ್ಟೆಯ ತೃಪ್ತಿ ಮತ್ತು ತಪಸ್ಸುಕಾಲ

ನಮ್ಮ ಭಾಷೆಯಲ್ಲಿ ‘ಫಲಾಹಾರ’ ಎಂಬುದೊಂದು ಸುಂದರವಾದ ಪದವಿದೆ. ಅಕ್ಷರಶಃ ಅದರ ಅರ್ಥ ಹಣ್ಣಿನ ಆಹಾರ. ಆದರೆ ಚಿಕ್ಕೋಡಿಯಲ್ಲಾಗಲಿ, ನಿಪ್ಪಾಣಿಯ ಪೇಟೆಯಲ್ಲಾಗಲಿ ಬೆಳಿಗ್ಗೆ ಫಲಾಹಾರಕ್ಕೆಂದು ಹೋಟೆಲು ಹೊಕ್ಕವರ ಮುಂದೆ ಬರುವುದು ಉಪ್ಪಿಟ್ಟು, ಅವಲಕ್ಕಿ, ಮಿಸಳ, ವಡಾ-ಪಾವ್ ಮತ್ತು ಚಹಾ. ಪದ ಉಳಿದಿದೆ; ಅದರೊಳಗಿನ ಹಣ್ಣು ಮಾತ್ರ ಎಂದೋ ಜಾರಿಹೋಗಿದೆ. ಅದರ ಸ್ಥಾನದಲ್ಲಿ ಎಣ್ಣೆ ಬಂದು ಕುಳಿತಿದೆ.

ಜಾರಿಹೋದ ಆ ಹಣ್ಣು ಈಗ ಮತ್ತೆ ಬೆಳಗಿನ ತಟ್ಟೆಗೆ ಮರಳುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ತೂಕ ಇಳಿಸಬೇಕೆಂದು ಕೆಲವರು, ಸಕ್ಕರೆ ಕಾಯಿಲೆಗೆ ಹೆದರಿ ಕೆಲವರು, ತಪಸ್ಸುಕಾಲದ ವ್ರತವೆಂದು ಇನ್ನು ಕೆಲವರು ರೊಟ್ಟಿ-ಉಪ್ಪಿಟ್ಟುಗಳನ್ನು ಬಿಟ್ಟು ಬೆಳಗಿನ ನ್ಯಾರಿಗೆ ಕೇವಲ ಹಣ್ಣನ್ನೇ ತಿನ್ನುತ್ತಿದ್ದಾರೆ. ಇದರಿಂದ ಮಧ್ಯಾಹ್ನದವರೆಗೆ ಹೊಟ್ಟೆ ತಡೆದೀತೇ? ಇದು ಉಪವಾಸವೆನಿಸೀತೇ? ಎಲ್ಲರಿಗೂ ಹಿತವೇ? ಈ ಮೂರು ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಇವುಗಳನ್ನು ಒಂದೊಂದಾಗಿ ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಧರ್ಮಸಭೆಯ ನಿಯಮ

ಬೆಳಗಿನ ಊಟಕ್ಕೂ ನಮ್ಮ ಬಲಿಪೂಜೆಗೂ ಹಳೆಯ ನಂಟಿದೆ. ಹಿಂದಿನ ಕಾಲದಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವವರು ನಡುರಾತ್ರಿಯಿಂದಲೇ ಏನನ್ನೂ ಸೇವಿಸುವಂತಿರಲಿಲ್ಲ, ನೀರೂ ವರ್ಜ್ಯವಾಗಿತ್ತು. ಪೂಜೆ ಮುಗಿದ ಮೇಲೆಯೇ ನ್ಯಾರಿ. 1953ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಅವರು ನೀರು ಉಪವಾಸವನ್ನು ಮುರಿಯುವುದಿಲ್ಲವೆಂದು ಸಾರಿದರು. 1957ರಲ್ಲಿ ಘನಾಹಾರಕ್ಕೆ ಮೂರು ಗಂಟೆಗಳ ಅವಧಿಯನ್ನು ಗೊತ್ತುಮಾಡಿದರು. 1964ರಲ್ಲಿ ಪೋಪ್ ಆರನೆಯ ಪೌಲ್ ಅವರು ಅದನ್ನು ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯೂ ಇದನ್ನೇ ಹೇಳುತ್ತದೆ. ನೀರಿಗೂ ಔಷಧಕ್ಕೂ ನಿರ್ಬಂಧವಿಲ್ಲ. ವೃದ್ಧರಿಗೂ ರೋಗಿಗಳಿಗೂ ಅವರ ಶುಶ್ರೂಷೆ ಮಾಡುವವರಿಗೂ ಒಂದು ಗಂಟೆಯ ನಿಯಮವೂ ಅಡ್ಡಿಯಾಗದು. ಆದುದರಿಂದ ಹಣ್ಣು ತಿಂದು ಪೂಜೆಗೆ ಬರುವವರು ಈ ಒಂದು ಗಂಟೆಯ ಲೆಕ್ಕವನ್ನು ಇಟ್ಟುಕೊಂಡರೆ ಸಾಕು.

ಇನ್ನು ತಪಸ್ಸುಕಾಲದ ಉಪವಾಸ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನಗಳಲ್ಲಿ ಉಪವಾಸ ಕಡ್ಡಾಯವಾಗಿದೆ. 18 ವರ್ಷ ತುಂಬಿದವರಿಂದ ಹಿಡಿದು 60ನೆಯ ವರ್ಷದೊಳಗೆ ಕಾಲಿಡುವವರೆಗಿನವರು ಇದಕ್ಕೆ ಬದ್ಧರು. ಮಾಂಸವರ್ಜನೆಯ ನಿಯಮ 14 ವರ್ಷ ತುಂಬಿದವರೆಲ್ಲರಿಗೂ ಅನ್ವಯಿಸುತ್ತದೆ. 1966ರಲ್ಲಿ ಆರನೆಯ ಪೌಲ್ ಅವರು ಹೊರಡಿಸಿದ ಶಾಸನದ ಪ್ರಕಾರ ಉಪವಾಸದ ದಿನ ಒಂದೇ ಪೂರ್ಣ ಊಟ. ಬೆಳಿಗ್ಗೆ ಮತ್ತು ಸಂಜೆ ಸ್ಥಳೀಯ ವಾಡಿಕೆಗೆ ಅನುಸಾರವಾಗಿ ಸ್ವಲ್ಪ ಆಹಾರ ಸಲ್ಲುತ್ತದೆ. ಈ ‘ಸ್ವಲ್ಪ’ಕ್ಕೆ ಒಂದು ಬಾಳೆಹಣ್ಣು ಅಥವಾ ಒಂದು ಹೋಳು ಪಪ್ಪಾಯಿ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆಳಿಗ್ಗೆ ಹೊಟ್ಟೆ ತುಂಬ ಹಣ್ಣು ತಿಂದು, ಮಧ್ಯಾಹ್ನ ಮತ್ತು ರಾತ್ರಿ ಎರಡು ಪೂರ್ಣ ಊಟಗಳನ್ನು ಮಾಡಿದರೆ ಅದು ನಿಯಮದ ಉಪವಾಸವೆನಿಸದು. ಅದು ಒಂದು ಒಳ್ಳೆಯ ಪಥ್ಯ ಅಷ್ಟೆ. ಅದನ್ನು ತಪಸ್ಸಾಗಿ ಪರಿವರ್ತಿಸುವ ಬಗೆ ಯಾವುದೆಂಬುದಕ್ಕೆ ಮುಂದೆ ಬರುತ್ತೇವೆ.

ಶ್ರೀಗ್ರಂಥದಲ್ಲಿ ಹಣ್ಣು

ಪವಿತ್ರ ಬೈಬಲ್ಲಿನ ಮೊದಲನೆಯ ಅಧ್ಯಾಯದಲ್ಲಿಯೇ ದೇವರು ಮಾನವನಿಗೆ ಬೀಜಬಿಡುವ ಸಸ್ಯಗಳನ್ನೂ ಹಣ್ಣಿನ ಮರಗಳನ್ನೂ ಆಹಾರವಾಗಿ ಕೊಡುತ್ತಾರೆ. ಮುಂದೆ ಬರುವ ಪ್ರಸಂಗಗಳಲ್ಲಿ ಒಣದ್ರಾಕ್ಷಿಗೆ ವಿಶೇಷ ಸ್ಥಾನವಿದೆ. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಅಬೀಗೈಲಳು ದಾವೀದನ ಕೋಪವನ್ನು ಶಮನಗೊಳಿಸಲು ಕತ್ತೆಗಳ ಮೇಲೆ ಹೇರಿಸಿದ ಕಾಣಿಕೆಯಲ್ಲಿ ನೂರು ಗೊಂಚಲು ಒಣದ್ರಾಕ್ಷಿಯೂ ಇನ್ನೂರು ಅಂಜೂರದ ಉಂಡೆಗಳೂ ಇದ್ದವು. ಅದೇ ಗ್ರಂಥದ 30ನೆಯ ಅಧ್ಯಾಯದಲ್ಲಿ ಮೂರು ದಿನ ಅನ್ನ-ನೀರು ಕಾಣದೆ ಹೊಲದಲ್ಲಿ ಬಿದ್ದಿದ್ದ ಒಬ್ಬ ಈಜಿಪ್ಟಿನ ಆಳು ದಾವೀದನ ಜನರಿಗೆ ಸಿಗುತ್ತಾನೆ. ರೋಗಿಯಾದನೆಂದು ಅವನ ಒಡೆಯನೇ ಅವನನ್ನು ಬಿಟ್ಟುಹೋಗಿದ್ದ. ಅವರು ಅವನಿಗೆ ರೊಟ್ಟಿ, ನೀರು, ಅಂಜೂರದ ಉಂಡೆಯ ತುಂಡು, ಎರಡು ಗೊಂಚಲು ಒಣದ್ರಾಕ್ಷಿ ಕೊಡುತ್ತಾರೆ. ತಿಂದೊಡನೆ ಅವನಿಗೆ ಜೀವ ಬರುತ್ತದೆ. ಅಥಣಿ ಸೀಮೆಯ ರೈತನಿಗೆ ಈ ಪ್ರಸಂಗ ತನ್ನ ಹೊಲದ ಮಾತಿನಂತೆಯೇ ಕೇಳಿಸೀತು.

ಪ್ರಭು ಯೇಸುವೂ ಒಂದು ಮುಂಜಾನೆ ಜೆರುಸಲೇಮಿಗೆ ಮರಳುತ್ತಿರುವಾಗ ಹಸಿದು, ದಾರಿಯ ಬದಿಯ ಅಂಜೂರದ ಮರದ ಬಳಿಗೆ ಹೋದರೆಂದು ಸಂತ ಮತ್ತಾಯನ ಶುಭಸಂದೇಶ ತಿಳಿಸುತ್ತದೆ. ಮರದಲ್ಲಿ ಎಲೆಗಳಿದ್ದವು, ಹಣ್ಣಿರಲಿಲ್ಲ. ಆ ಘಟನೆಯ ಆಳವಾದ ಅರ್ಥವನ್ನು ನಮ್ಮ ಗುರುಗಳು ಪ್ರಬೋಧನೆಗಳಲ್ಲಿ ವಿವರಿಸುತ್ತಾರೆ. ಇಲ್ಲಿ ನಾವು ಗಮನಿಸುವುದು ಇಷ್ಟೆ: ಬೆಳಗಿನ ಹಸಿವೆಗೆ ಹಣ್ಣನ್ನು ಅರಸುವುದು ಆ ನಾಡಿನಲ್ಲಿ ಸಹಜವಾಗಿತ್ತು, ಆ ಹಸಿವೆಯನ್ನು ನಮ್ಮ ಪ್ರಭುವೂ ಅನುಭವಿಸಿದ್ದಾರೆ.

ದಾನಿಯೇಲನ ಪ್ರಸಂಗವನ್ನು ಹಣ್ಣಿನ ಪಥ್ಯದವರು ಮೇಲಿಂದ ಮೇಲೆ ಎತ್ತಿ ಹೇಳುವುದುಂಟು. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲ ಮತ್ತು ಅವನ ಮೂವರು ಸಂಗಡಿಗರು ರಾಜನ ಭಕ್ಷ್ಯಗಳನ್ನು ನಿರಾಕರಿಸಿ ಹತ್ತು ದಿನ ಸರಳಾಹಾರ ಸೇವಿಸಿ ಇತರರಿಗಿಂತ ಪುಷ್ಟರಾಗಿ ಕಂಡರು. ಆದರೆ ಮೂಲ ಹೀಬ್ರೂ ಪದ ಸೂಚಿಸುವುದು ಬಿತ್ತಿ ಬೆಳೆದದ್ದನ್ನು, ಅಂದರೆ ಕಾಳು ಮತ್ತು ಕಾಯಿಪಲ್ಲೆಯನ್ನು. ಅವರು ಕೇವಲ ಹಣ್ಣಿನ ಮೇಲೆ ಬದುಕಿರಲಿಲ್ಲ. ಈ ಚಿಕ್ಕ ವ್ಯತ್ಯಾಸ ಹೊಟ್ಟೆಯ ಲೆಕ್ಕದಲ್ಲಿ ದೊಡ್ಡದೆಂಬುದು ಈಗ ತಿಳಿದುಬರುತ್ತದೆ.

ಹೊಟ್ಟೆ ತುಂಬುವ ಲೆಕ್ಕ

ಯಾವ ಆಹಾರ ಎಷ್ಟು ತೃಪ್ತಿ ಕೊಡುತ್ತದೆಂಬುದನ್ನು 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು ಅಳೆದು ನೋಡಿದರು. 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ತಿನ್ನಿಸಿ, ಮುಂದಿನ ಎರಡು ಗಂಟೆಗಳವರೆಗೆ ಹಸಿವೆಯನ್ನು ದಾಖಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡಾಗ ಬೇಯಿಸಿದ ಬಟಾಟೆಗೆ 323, ಕಿತ್ತಳೆಗೆ 202, ಸೇಬಿಗೆ 197, ದ್ರಾಕ್ಷಿಗೆ 162, ಬಾಳೆಹಣ್ಣಿಗೆ 118 ಬಂದವು. ಅಂದರೆ ಸಮಾನ ಕ್ಯಾಲೊರಿಯ ಲೆಕ್ಕದಲ್ಲಿ ಹಣ್ಣು ಬ್ರೆಡ್ಡಿಗಿಂತ ಹೆಚ್ಚು ತೃಪ್ತಿದಾಯಕವೆಂದು ಸಿದ್ಧವಾಯಿತು.

ಇದರ ಗುಟ್ಟು ನೀರು, ನಾರು ಮತ್ತು ಗಾತ್ರದಲ್ಲಿದೆ. 240 ಕ್ಯಾಲೊರಿ ಪಡೆಯಲು ಸುಮಾರು ಅರ್ಧ ಕಿಲೋಗಿಂತ ಹೆಚ್ಚು ಪಪ್ಪಾಯಿ, ಅಥವಾ 350 ಗ್ರಾಂ ಪೇರಲ, ಅಥವಾ ಎರಡರಿಂದ ಎರಡೂವರೆ ಮಧ್ಯಮ ಗಾತ್ರದ ಬಾಳೆಹಣ್ಣು ಬೇಕು. ಒಂದು ತಟ್ಟೆ ಉಪ್ಪಿಟ್ಟು ತಿಂದವನಿಗೆ ಅರ್ಧ ಕಿಲೋ ಪಪ್ಪಾಯಿ ತಿನ್ನುವುದು ಸುಲಭವಲ್ಲ. ಅಗಿದು ತಿನ್ನಲು ಹೊತ್ತು ಹಿಡಿಯುತ್ತದೆ, ಜಠರ ಹಿಗ್ಗುತ್ತದೆ, ಸಾಕೆನಿಸುತ್ತದೆ. ಆದರೆ ಅದೇ ಹಣ್ಣನ್ನು ಹಿಂಡಿ ರಸ ಮಾಡಿ ಕುಡಿದರೆ ಈ ಲಾಭದ ಬಹುಭಾಗ ಕಳೆದುಹೋಗುತ್ತದೆ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಊಟಕ್ಕೆ ಮುಂಚೆ ಸೇಬಿನ ಹೋಳು ತಿಂದವರು ಊಟದಲ್ಲಿ ಶೇಕಡಾ 15ರಷ್ಟು ಕಡಿಮೆ ಸೇವಿಸಿದರು. ಸೇಬಿನ ರಸ ಕುಡಿದವರಲ್ಲಿ ಅಂತಹ ಪರಿಣಾಮ ಕಾಣಲಿಲ್ಲ. ಜ್ಯೂಸ್ ಅಂಗಡಿಯ ಗ್ಲಾಸನ್ನು ಹಣ್ಣಿನ ನ್ಯಾರಿಯೆಂದು ಕರೆಯುವುದು ತರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಒಣದ್ರಾಕ್ಷಿಯ ವಿಷಯದಲ್ಲಿಯೂ ಎಚ್ಚರ ಬೇಕು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುತ್ತದೆ. 350 ಗ್ರಾಂ ಹಸಿ ದ್ರಾಕ್ಷಿಯಲ್ಲಿರುವ ಕ್ಯಾಲೊರಿ 80 ಗ್ರಾಂ ಒಣದ್ರಾಕ್ಷಿಯಲ್ಲಿರುತ್ತದೆ. ಮಾತನಾಡುತ್ತ ಅಷ್ಟನ್ನು ಬಾಯಿಗೆ ಹಾಕಿಕೊಳ್ಳುವುದು ತಿಳಿಯುವುದೇ ಇಲ್ಲ. ಮೂರು ದಿನ ಹಸಿದಿದ್ದ ಆಳಿಗೆ ಅದು ಸಂಜೀವಿನಿ; ತೂಕ ಇಳಿಸಬೇಕೆನ್ನುವವರಿಗೆ ಅಷ್ಟು ಹಿತವಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಸಿಡ್ನಿಯವರು ಅಳೆದದ್ದು ಎರಡು ಗಂಟೆಗಳ ತೃಪ್ತಿಯನ್ನು ಮಾತ್ರ. ನಮ್ಮ ಕಡೆ ಎಂಟು ಗಂಟೆಗೆ ನ್ಯಾರಿಯಾದರೆ ಊಟ ಒಂದು ಗಂಟೆಗೆ. ಈ ಐದು ಗಂಟೆಗಳ ದಾರಿಯನ್ನು ಹಣ್ಣೊಂದೇ ಕ್ರಮಿಸುವುದು ಹಲವರಿಗೆ ಕಷ್ಟ. ಕಾರಣ, ಹಣ್ಣಿನಲ್ಲಿ ಪ್ರೋಟೀನು ಮತ್ತು ಕೊಬ್ಬು ಅತ್ಯಲ್ಪ. 100 ಗ್ರಾಂ ಪಪ್ಪಾಯಿಯಲ್ಲಿ ಅರ್ಧ ಗ್ರಾಂ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ, ಪೇರಲದಲ್ಲಿ ಸುಮಾರು ಎರಡೂವರೆ ಗ್ರಾಂ ಪ್ರೋಟೀನು ಇರುತ್ತದೆ. ಅದೇ ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಏಳು ಗ್ರಾಮಿಗಿಂತ ಹೆಚ್ಚಿದೆ. ಆದ್ದರಿಂದ ಹಣ್ಣಿನ ಜೊತೆಗೆ ಒಂದು ಹಿಡಿ ಹುರಿದ ಶೇಂಗಾ, ಇಲ್ಲವೆ ಒಂದು ಬಟ್ಟಲು ಮೊಸರು ಸೇರಿದರೆ ಹೊಟ್ಟೆ ಮಧ್ಯಾಹ್ನದವರೆಗೆ ಶಾಂತವಾಗಿರುತ್ತದೆ. ದಾನಿಯೇಲನ ತಟ್ಟೆಯಲ್ಲಿದ್ದ ಕಾಳಿನ ಮಹತ್ವ ಇದೇ.

ನಿಪ್ಪಾಣಿಗೆ ಬಂದ ಫಲಾಹಾರಿ

ಈ ಪ್ರಯೋಗವನ್ನು ತಮ್ಮ ದೇಹದ ಮೇಲೆಯೇ ನಡೆಸಿದ ಮಹಾಪುರುಷರೊಬ್ಬರ ನಂಟು ನಮ್ಮ ಸೀಮೆಗಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದ ಮಹಾತ್ಮಾ ಗಾಂಧಿಯವರು 1927ರ ಮಾರ್ಚಿನಲ್ಲಿ ಮತ್ತೆ ಈ ಕಡೆ ಬಂದರು. ಖಾದಿ ಪ್ರವಾಸದಲ್ಲಿ ಕೊಲ್ಲಾಪುರದಲ್ಲಿ ಅವರ ಆರೋಗ್ಯ ತೀವ್ರವಾಗಿ ಕೆಟ್ಟಿತು. ನಿಪ್ಪಾಣಿಯಲ್ಲಿ ವಿಶ್ರಾಂತಿ ಪಡೆದು, ಅನಂತರ ಅಂಬೋಲಿಗೂ ಅಲ್ಲಿಂದ ನಂದಿಬೆಟ್ಟಕ್ಕೂ ಹೋದರು.

ಗಾಂಧಿಯವರು ದಕ್ಷಿಣ ಆಫ್ರಿಕಾದಲ್ಲಿದ್ದಾಗ ಮ್ಯಾಂಚೆಸ್ಟರಿನಲ್ಲಿ ಬೆಳಗಿನ ತಿಂಡಿಯನ್ನೇ ಬಿಟ್ಟವರ ಸಂಘವೊಂದು ಹುಟ್ಟಿದೆಯೆಂದು ಓದಿ ತಾವೂ ಬೆಳಗಿನ ತಿಂಡಿ ಬಿಟ್ಟರು. ಕೆಲವು ದಿನ ಕಷ್ಟವಾದರೂ ತಲೆನೋವು ಮಾಯವಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ತಮಗೆ ಬೇಕಾದುದಕ್ಕಿಂತ ಹೆಚ್ಚು ತಿನ್ನುತ್ತಿದ್ದೆನೆಂಬುದೇ ಅವರು ಕಂಡುಕೊಂಡ ಕಾರಣ. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ಬಿಟ್ಟು, ಸ್ವಲ್ಪ ಕಾಲದಲ್ಲಿಯೇ ಕೇವಲ ಫಲಾಹಾರಕ್ಕೆ ಇಳಿದರು. ಅದರಲ್ಲಿದ್ದುದು ದುಬಾರಿ ಹಣ್ಣುಗಳಲ್ಲ. ಹಸಿ ಶೇಂಗಾ, ಬಾಳೆಹಣ್ಣು, ಖರ್ಜೂರ, ಲಿಂಬೆ ಮತ್ತು ಆಲಿವ್ ಎಣ್ಣೆ. ಬಡವನಿಗೂ ಎಟಕುವ ಆಹಾರ ಯಾವುದೆಂಬುದೇ ಅವರ ಹುಡುಕಾಟವಾಗಿತ್ತು. ಅವರ ‘ಫಲಾಹಾರ’ದಲ್ಲಿಯೂ ಶೇಂಗಾ ಮೊದಲ ಸಾಲಿನಲ್ಲಿತ್ತೆಂಬುದನ್ನು ವಾಚಕರು ಗಮನಿಸಬೇಕು. ಹೀಗಿದ್ದೂ 1918ರಲ್ಲಿ ತೀವ್ರ ಕಾಯಿಲೆಗೆ ಗುರಿಯಾದ ಅವರು ಕೊನೆಗೆ ಆಡಿನ ಹಾಲನ್ನು ಸ್ವೀಕರಿಸಬೇಕಾಯಿತು. ಸತ್ಯಾನ್ವೇಷಕನಿಗೂ ದೇಹ ತನ್ನ ಮಿತಿಯನ್ನು ತಿಳಿಸಿಯೇ ತೀರುತ್ತದೆ.

ಕಥೋಲಿಕರಾದ ನಮಗೆ ಆಸಕ್ತಿಕರವಾದ ಇನ್ನೊಂದು ಸಂಗತಿಯಿದೆ. 1895ರಲ್ಲಿ ಗಾಂಧಿಯವರು ನಟಾಲ್ ಪ್ರಾಂತ್ಯದ ಮರಿಯಾನ್‌ಹಿಲ್‌ನ ಟ್ರ್ಯಾಪಿಸ್ಟ್ ಮಠಕ್ಕೆ ಭೇಟಿಕೊಟ್ಟು, ಅಲ್ಲಿಯ ಸನ್ಯಾಸಿಗಳ ಮೌನ, ದುಡಿಮೆ ಮತ್ತು ಸಸ್ಯಾಹಾರದ ಬಗ್ಗೆ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಯೊಂದಕ್ಕೆ ಮೆಚ್ಚುಗೆಯಿಂದ ಬರೆದರು. ಮಿತಾಹಾರ ನಮ್ಮ ಮಠಗಳಲ್ಲಿ ಶತಮಾನಗಳಿಂದ ಬೆಳೆದುಬಂದ ಶಿಸ್ತು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ನೆರೆಹೊರೆಯವರಿಂದ ಕಲಿಯುವುದು

ಈ ಸೀಮೆಯಲ್ಲಿ ನಮ್ಮ ಸಮುದಾಯ ಚಿಕ್ಕದು. ಆದರೆ ಉಪವಾಸದ ವಿಷಯದಲ್ಲಿ ಬಹು ದೊಡ್ಡ ಗುರುಕುಲದ ನಡುವೆ ನಾವಿದ್ದೇವೆ. ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದ ಮನೆತನದವರು. ಆಚಾರ್ಯ ವಿದ್ಯಾನಂದರು ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು ಸದಲಗಾದಲ್ಲಿ ಜನಿಸಿದವರು. ದಿನಕ್ಕೆ ಒಮ್ಮೆ ಮಾತ್ರ, ನಿಂತುಕೊಂಡು, ಅಂಗೈಯಲ್ಲಿಯೇ ಆಹಾರ ಸ್ವೀಕರಿಸುವ ದಿಗಂಬರ ಮುನಿಗಳ ನಿಯಮವನ್ನು ಇಲ್ಲಿಯ ಜನ ಬಲ್ಲರು. ಪಂಢರಪುರದ ವಾರಕರಿಗಳು ಏಕಾದಶಿಯಂದು ಹಣ್ಣು, ಶೇಂಗಾ, ಸಾಬುದಾಣಿಯಲ್ಲಿ ದಿನ ಕಳೆಯುತ್ತಾರೆ. ಮುಸ್ಲಿಂ ಬಾಂಧವರು ರಂಜಾನ್ ಉಪವಾಸವನ್ನು ಖರ್ಜೂರದಿಂದ ಬಿಡುತ್ತಾರೆ. ಇವರೆಲ್ಲರ ನಡುವೆ ನಾವು ತಪಸ್ಸುಕಾಲವನ್ನು ಕೇವಲ ಶುಕ್ರವಾರದ ಮಾಂಸವರ್ಜನೆಗೆ ಸೀಮಿತಗೊಳಿಸಿ, ಆ ದಿನ ಮೀನಿನ ಭೋಜನ ಮಾಡಿ ಕೃತಾರ್ಥರಾದೆವೆಂದುಕೊಂಡರೆ ನೆರೆಯವರ ಕಣ್ಣಿಗೆ ನಮ್ಮ ವ್ರತ ಹೇಗೆ ಕಂಡೀತು?

ನಮ್ಮ ನೆಲದ ಹಣ್ಣು

ಹಣ್ಣಿನ ನ್ಯಾರಿಯೆಂದರೆ ಹೊರದೇಶದಿಂದ ಬಂದ, ಮೇಣ ಸವರಿದ ಸೇಬು ಮತ್ತು ಕಿವಿ ಹಣ್ಣುಗಳೇ ಆಗಬೇಕಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗೆಯರ ನೀರುಂಡ ಚಿಕ್ಕೋಡಿ, ರಾಯಬಾಗ ಕಡೆಯ ತೋಟಗಳಲ್ಲಿ ಬಾಳೆ, ಪಪ್ಪಾಯಿಗಳಿವೆ. ಅಥಣಿಯ ಪೂರ್ವಭಾಗದ ಒಣ ನೆಲದಲ್ಲಿ ದ್ರಾಕ್ಷಿಯಿದೆ. ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾದ ಕಾಗವಾಡ, ನಿಪ್ಪಾಣಿಗಳ ಸಂತೆಗಳಲ್ಲಿಯೂ ಋತುವಿಗೆ ತಕ್ಕಂತೆ ಪೇರಲ, ಬಾರಿಹಣ್ಣು, ಸೀತಾಫಲ, ನೇರಳೆ, ಕಲ್ಲಂಗಡಿಗಳು ಬರುತ್ತವೆ. ವಿಭೂತಿ ಬುಧವಾರ ಫೆಬ್ರವರಿ 4 ಮತ್ತು ಮಾರ್ಚ್ 10ರ ನಡುವೆ ಬೀಳುತ್ತದೆ. ದ್ರಾಕ್ಷಿಯ ಕೊಯ್ಲೂ ಅದೇ ಸಮಯದಲ್ಲಿ ನಡೆಯುತ್ತದೆ. ತಪಸ್ಸುಕಾಲ ನಮ್ಮ ಸೀಮೆಗೆ ದ್ರಾಕ್ಷಿಯ ಜೊತೆಗೇ ಬರುತ್ತದೆಂದರೆ ತಪ್ಪಾಗಲಾರದು. ದ್ರಾಕ್ಷಿಗೆ ಔಷಧ ಸಿಂಪಡಿಸುವುದರಿಂದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದೇ ತಿನ್ನಬೇಕು.

ಯಾರಿಗೆ ಸಲ್ಲದು?

ಈ ಪಥ್ಯ ಎಲ್ಲರಿಗೂ ಸಮನಾಗಿ ಹಿತವಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನ್ಯಾರಿಯನ್ನು ಬದಲಿಸಬಾರದು. ರಕ್ತದ ಸಕ್ಕರೆ ಒಮ್ಮೆ ಏರಿ ಅನಂತರ ಅಪಾಯಕರವಾಗಿ ಇಳಿಯಬಹುದು. ಮೂತ್ರಪಿಂಡದ ರೋಗಿಗಳಿಗೆ ಬಾಳೆಹಣ್ಣಿನಂತಹ ಪೊಟ್ಯಾಸಿಯಂ ಹೆಚ್ಚಿರುವ ಹಣ್ಣುಗಳು ತೊಂದರೆ ಕೊಡಬಲ್ಲವು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ಹಾಲು, ಕಾಳು, ರೊಟ್ಟಿ ಬೇಕೇ ಬೇಕು. ರೋಗಿಗಳನ್ನೂ ಅಶಕ್ತರನ್ನೂ ಧರ್ಮಸಭೆ ಉಪವಾಸಕ್ಕೆ ಕಟ್ಟಿಹಾಕುವುದಿಲ್ಲ. ನಾವೂ ಅವರನ್ನು ಮುಜುಗರಕ್ಕೆ ಒಳಪಡಿಸಬಾರದು.

ಇನ್ನು ಕೆಲವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಕಾರ್ಖಾನೆಯ ಹಂಗಾಮಿನಲ್ಲಿ ನಸುಕಿನಲ್ಲೇ ಎದ್ದು ಕಬ್ಬಿನ ಫಡಕ್ಕೆ ಇಳಿಯುವ ಗ್ಯಾಂಗಿನವರ ಕೈಯಲ್ಲಿ ಕೊಡಲಿ, ಗಂಟಿನಲ್ಲಿ ರೊಟ್ಟಿ-ಚಟ್ನಿ ಇರುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿಯುವ, ಮನೆಯ ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರಲ್ಲಿ ಎಷ್ಟೋ ಮಂದಿಯ ನ್ಯಾರಿಯೆಂದರೆ ಒಂದು ಕಪ್ಪು ಚಹಾ. ಅವರಿಗೆ ಹಣ್ಣು ಪಥ್ಯವಲ್ಲ, ಹಬ್ಬದ ವಸ್ತು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ಕಾಯಿಪಲ್ಲೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದ್ರಾಕ್ಷಿ ಕೊಯ್ಯುವ ಕೈಗಳಿಗೇ ದ್ರಾಕ್ಷಿ ಸಿಗದಿದ್ದರೆ ಆ ಮಾತು ಯಾರಿಗಾಗಿ?

ಪಥ್ಯ ತಪಸ್ಸಾಗುವುದು ಎಲ್ಲಿ?

ನಮ್ಮ ವಿಚಾರದ ತಿರುಳಿರುವುದು ಇಲ್ಲಿಯೇ. ತಪಸ್ಸುಕಾಲಕ್ಕೆ ಮೂರು ಕಂಬಗಳಿವೆ: ಪ್ರಾರ್ಥನೆ, ಉಪವಾಸ, ದಾನಧರ್ಮ. ಒಂದನ್ನು ಕಿತ್ತರೆ ಚಪ್ಪರ ನಿಲ್ಲದು. ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಪ್ರವಾದಿ ಯೆಶಾಯನು ತನ್ನ 58ನೆಯ ಅಧ್ಯಾಯದಲ್ಲಿ ಸಾರಿದ್ದಾನೆ. ಉಪವಾಸದಿಂದ ಉಳಿದದ್ದು ನಮ್ಮ ಪೆಟ್ಟಿಗೆಗೆ ಮರಳದೆ ಬಡವರ ಮಡಿಲಿಗೆ ಸೇರಬೇಕೆಂದು ಸಂತ ಅಗಸ್ಟೀನರೂ ಮಹಾ ಲಿಯೋ ಅವರೂ ಮತ್ತೆ ಮತ್ತೆ ಬೋಧಿಸಿದರು. ಸೊಂಟದ ಸುತ್ತಳತೆ ಇಳಿಯಲೆಂದು ಹಣ್ಣು ತಿನ್ನುವುದು ತಪ್ಪಲ್ಲ. ದೇಹವೂ ದೇವರು ಕೊಟ್ಟ ಆಲಯವೇ. ಆದರೆ ಅದರಲ್ಲಿ ಪರರ ಹಸಿವಿನ ನೆನಪಿಲ್ಲದಿದ್ದರೆ ಅದಕ್ಕೆ ವ್ರತದ ಹೆಸರು ಕೊಡಬೇಕಿಲ್ಲ.

ಆದುದರಿಂದ ನಮ್ಮ ಸಲಹೆ ಸರಳವಾಗಿದೆ. ಆರೋಗ್ಯವಂತರು ಈ ತಪಸ್ಸುಕಾಲದಲ್ಲಿ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶುಕ್ರವಾರ, ಸಂತೆಯ ಹಣ್ಣಿನಿಂದಲೇ ನ್ಯಾರಿ ಮುಗಿಸಲಿ. ಪಪ್ಪಾಯಿಯ ಎರಡು ಹೋಳು, ಒಂದು ಪೇರಲ, ಒಂದು ಬಾಳೆಹಣ್ಣು ಸಾಕು. ಹಸಿವೆ ತಡೆಯದವರು ಶೇಂಗಾ ಸೇರಿಸಿಕೊಳ್ಳಲಿ. ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆ ತುಸು ಚುರುಗುಟ್ಟಿದರೆ ಗಾಬರಿಯಾಗಬೇಕಿಲ್ಲ. ಆ ಕ್ಷಣ ಒಂದು ಚಿಕ್ಕ ಪ್ರಾರ್ಥನೆಗೆ ಕರೆ. ಹೋಟೆಲಿನ ತಿಂಡಿ-ಚಹಾಕ್ಕೆ ಕೊಡುತ್ತಿದ್ದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಲಿ. ಮಕ್ಕಳೇ ಆ ಡಬ್ಬಿಯ ಪಾರುಪತ್ಯ ವಹಿಸಲಿ. 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ನಡೆಸುವ ನಿಧಿಸಂಗ್ರಹಕ್ಕೆ ಅದು ಸೇರಬಹುದು. ಇಲ್ಲವೆ ಗೊಂಚಲು ದ್ರಾಕ್ಷಿಯಾಗಿ, ಡಜನ್ ಬಾಳೆಹಣ್ಣಾಗಿ ಊರ ಹೊರಗಿನ ಕಬ್ಬಿನ ಗ್ಯಾಂಗಿನ ಜೋಪಡಿಗಳ ಮಕ್ಕಳ ಕೈ ಸೇರಬಹುದು. ಜಾತಿ-ಮತಗಳನ್ನು ಕೇಳದೆ ಕೊಟ್ಟರೆ ಅದೇ ನಮ್ಮ ಸಾಕ್ಷ್ಯ.

1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯದ ಈ ಉತ್ತರದ ಅಂಚಿನಲ್ಲಿ ನಾವು ಎಣಿಕೆಯಲ್ಲಿ ಅಲ್ಪರು. ಅಲ್ಪರಾದವರ ವ್ರತವೂ ಸದ್ದಿಲ್ಲದೆ ನಡೆಯಬೇಕು. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬಾರದೆಂದು ಪ್ರಭುವೇ ಎಚ್ಚರಿಸಿದ್ದಾರೆ. ನಮ್ಮ ತಟ್ಟೆಯಿಂದ ಒಂದು ಹಣ್ಣು ಕಡಿಮೆಯಾಗಿ ಇನ್ನೊಬ್ಬರ ಕೈಗೆ ಒಂದು ಹಣ್ಣು ಸೇರಿದರೆ ಎರಡು ಹೊಟ್ಟೆಗಳೂ ತುಂಬುತ್ತವೆ. ಫಲಾಹಾರ ಎಂಬ ಪದಕ್ಕೆ ಕಳೆದುಹೋದ ಅರ್ಥವೂ ಆಗ ಮರಳಿ ದೊರೆಯುತ್ತದೆ.